ಹುಳ ಮುಟ್ಟಿದವನ ಪಕ್ಕದಲ್ಲಿ

ಅರಿವಳಿಕೆ ಕೊಡುವ ಡಾಕ್ಟರನ್ನು ಯಾವ ರೋಗಿಯೂ ನೆನಪಿಟ್ಟುಕೊಳ್ಳುವುದಿಲ್ಲ. ಮಲಗಿಸುತ್ತೇವೆ, ಎಬ್ಬಿಸುತ್ತೇವೆ, ಮುಂದಿನ ಆಸ್ಪತ್ರೆಗೆ ಸ್ಕೂಟರ್ ಓಡಿಸುತ್ತೇವೆ. ಆ ಬೆಳಿಗ್ಗೆ ನಾನು ಕೆ.ಆರ್. ಪುರದ ಆ ಸಣ್ಣ ನರ್ಸಿಂಗ್ ಹೋಮಿಗೆ ಹೋದದ್ದು ಯಾರದೋ ಹರ್ನಿಯಾ ಆಪರೇಷನ್ನಿಗೆ. ಮುಗಿಸಿ ಹಲಸೂರಿಗೆ ಓಡಬೇಕಿತ್ತು. ಒಂದು ವಾರದಿಂದ ಬಿಡದೆ ಹೊಯ್ದ ಮಳೆಗೆ ರಸ್ತೆಯ ಗುಂಡಿಗಳೆಲ್ಲ ತುಂಬಿದ್ದವು. ನನ್ನ ಸಿಟ್ಟೂ ತುಂಬಿಯೇ ಇತ್ತು.

ಥಿಯೇಟರಿಗೆ ಹೋಗುವ ದಾರಿಯಲ್ಲಿ ಕ್ಯಾಶುವಾಲ್ಟಿ ಸಿಗುತ್ತದೆ. ಅಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಕೈಬೆರಳುಗಳ ಸಂದಿಯಲ್ಲಿ ಒಣಗಿದ ಸಿಮೆಂಟು. ಪಕ್ಕದಲ್ಲಿ ಹೆಂಡತಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಡ್ಯೂಟಿ ಡಾಕ್ಟರ್ ಆಗಲೇ ಎಲ್ಲ ಬರೆದು ಮುಗಿಸಿದ್ದರು.

"ಏನಂತೆ?" ಎಂದೆ, ನಡೆಯುತ್ತಲೇ.

"ಇನ್ಸೆಕ್ಟ್ ಬೈಟ್ ಮೇಡಂ. ರಾತ್ರಿ ಹುಳ ಕಚ್ಚಿದೆಯಂತೆ. ಜೊತೆಗೆ ಗ್ಯಾಸ್ಟ್ರೈಟಿಸ್. ಅಲರ್ಜಿ ಇಂಜೆಕ್ಷನ್ ಹಾಕಿದೀನಿ, ಒಂದ್ ಬಾಟ್ಲು ಡ್ರಿಪ್ಸ್ ಹೋದ್ರೆ ಮನೆಗೆ ಕಳಿಸ್ಬಿಡ್ತೀನಿ."

ನಾನು ಮುಂದೆ ಹೋಗಿಯೇ ಬಿಡುತ್ತಿದ್ದೆ. ಅಷ್ಟರಲ್ಲಿ ಆ ಹೆಂಗಸು, ಯಾರಿಗೆ ಹೇಳುತ್ತಿದ್ದೇನೆಂದು ತನಗೇ ಖಾತ್ರಿಯಿಲ್ಲದ ಹಾಗೆ, ಮೆಲ್ಲಗೆ ಹೇಳಿದಳು: "ಕಚ್ಚಿಲ್ರಿ ಅಕ್ಕಾರ. ಮುಟ್ಯಾದ. ಹುಳ ಮುಟ್ಯಾದ."

ಹುಳ ಕಚ್ಚುವುದು ಬೇರೆ, ಹುಳ ಮುಟ್ಟುವುದು ಬೇರೆ. ನಾನು ಇದೇ ಸೀಮೆಯ ಹಳೇ ಹಳ್ಳಿಯೊಂದರ ಮನೆಯವಳು. ನಮ್ಮ ರಾಗಿ ಹೊಲದ ಮೇಲೆ ಈಗ ಹದಿನಾಲ್ಕು ಮಹಡಿ ಎದ್ದಿದೆ, ಕೆರೆ ಅರ್ಧಕ್ಕೆ ಇಳಿದಿದೆ, ಆದರೂ ನಮ್ಮಜ್ಜಿ ಸಾಯುವ ತನಕ ದೀಪ ಹಚ್ಚಿದ ಮೇಲೆ ಅದರ ಹೆಸರು ಎತ್ತಲು ಬಿಡುತ್ತಿರಲಿಲ್ಲ. ಹೆಸರು ಎತ್ತಿದರೆ ಕರೆದ ಹಾಗೆ, ಕರೆದರೆ ಬರುತ್ತದೆ. 'ಹುಳ' ಅನ್ನಬೇಕು. ಅದು ಕಚ್ಚಿತು ಎಂದೂ ಅನ್ನಬಾರದು, 'ಮುಟ್ಟಿತು' ಅನ್ನಬೇಕು. ಮಾತಿನಲ್ಲೇ ಕಲಬುರಗಿ ಕಡೆಯವಳೆಂದು ತಿಳಿಯುವ ಈ ಹೆಂಗಸಿಗೂ ನಮ್ಮಜ್ಜಿಗೂ ಮಧ್ಯೆ ಐನೂರು ಚಿಲ್ಲರೆ ಕಿಲೋಮೀಟರು ಇರಬಹುದು, ಭಯ ಮಾತ್ರ ಒಂದೇ. ನಾನು ತಿರುಗಿ ಮಂಚದ ಹತ್ತಿರ ಬಂದೆ.

"ಉದ್ದದ್ದಾಮ್ಮ?"

ತಲೆಯಾಡಿಸಿದಳು.

"ಬಣ್ಣ?"

"ಕರೀದ್ರಿ. ಮೈತುಂಬ ಬಿಳಿ ಬಳಿ ಇಟ್ಟಂಗ. ಚಾಪಿ ಮ್ಯಾಲಿಂದ ಸರದ್ ಹೋತು."

"ಹಾವು ಅಂತ ಬಾಯ್ಬಿಟ್ಟು ಹೇಳ್ಬಾರ್ದೇನಮ್ಮ ಇವರಿಗೆ!" ಎಂದು ನಾನು ಕೂಗಿಬಿಟ್ಟೆ. ಅವಳು ಓಡಿ ಬಂದು ಎರಡೂ ಕೈಯಿಂದ ಗಂಡನ ಕಿವಿ ಮುಚ್ಚಿದಳು. "ಹೆಸರ ತಗೀಬ್ಯಾಡ್ರಿ, ನಿಮ್ ಕಾಲ್ ಬೀಳ್ತೀನಿ. ನಮ್ಮವ್ರ ತಲಿ ಹತ್ರ ನಿಂತು ಹೆಸರ ತಗೀಬ್ಯಾಡ್ರಿ."

ಕಟ್ಟುಹಾವು. ನೆಲದ ಮೇಲೆ ಮಲಗಿದವರ ಪಕ್ಕಕ್ಕೆ ಬೆಚ್ಚಗಿದೆಯೆಂದು ಬರುತ್ತದೆ. ಕಚ್ಚಿದರೆ ಊತವಿಲ್ಲ, ಉರಿಯಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ವಾಂತಿ. ಆಮೇಲೆ ಒಂದೊಂದೇ ಸ್ನಾಯು ಮಾತು ಕೇಳುವುದನ್ನು ನಿಲ್ಲಿಸುತ್ತದೆ. ನಾನು ಆ ಮನುಷ್ಯನಿಗೆ ಕಣ್ಣು ಬಿಡಲು ಹೇಳಿದೆ. ರೆಪ್ಪೆ ಅರ್ಧಕ್ಕೇ ನಿಂತವು. ನನ್ನ ಮುಖ ನೋಡಲು ಅವನು ಗದ್ದವನ್ನೇ ಮೇಲೆತ್ತಿದ. ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಒಂದೇ ಉಸಿರಿಗೆ ಎಣಿಸಪ್ಪ ಅಂದರೆ ಆರೇಳರ ಹತ್ತಿರ ದನಿ ಮೂಗಿಗೆ ಹತ್ತಿ ನಿಂತುಹೋಯಿತು.

ಡ್ಯೂಟಿ ಡಾಕ್ಟರ ಮುಖ ಬಿಳುಚಿಕೊಂಡಿತ್ತು. ಅವರನ್ನು ಬೈಯಲು ನನಗೆ ಪುರುಸೊತ್ತೂ ಇರಲಿಲ್ಲ, ಮನಸ್ಸೂ ಬರಲಿಲ್ಲ. 'ಹುಳ' ಅಂದರೆ ಹುಳ ಅಂತಲೇ ಬರೆದಿದ್ದರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರ ಕಿವಿಗೆ ಬೇರೆ ಇನ್ನೇನು ಕೇಳಬೇಕು?

ಹರ್ನಿಯಾದವರನ್ನು ಮುಂದಕ್ಕೆ ಹಾಕಿ ಇವನನ್ನು ನಾಲ್ಕು ಮಂಚದ ಐಸಿಯುಗೆ ಎತ್ತಿದೆವು. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ನಮ್ಮಲ್ಲಿ ಇದ್ದದ್ದು ಮೂರು ಬಾಟಲಿ, ಬೇಕಾದ್ದು ಹತ್ತು. ಉಳಿದದ್ದು ಶಿವಾಜಿನಗರದ ಒಂದು ಔಷಧಿ ಅಂಗಡಿಯಿಂದ ಬೈಕಿನಲ್ಲಿ ಹೊರಟು, ಟಿನ್ ಫ್ಯಾಕ್ಟರಿ ಜಾಮಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಬಂತು. ಆ ಹೊತ್ತಿಗೆ ಅವನ ತುಟಿಯ ಸುತ್ತ ನೀಲಿ ಹತ್ತಿತ್ತು. ಗಂಟಲಿಗೆ ಕೊಳವೆ ಇಳಿಸುವ ಮುನ್ನ ಅವನ ಬಾಯಿಯ ಹತ್ತಿರ ಬಗ್ಗಿ, "ಮಷೀನು ನಿನ್ ಬದ್ಲು ಉಸಿರಾಡತ್ತಪ್ಪ, ಹೆದರ್ಕೋಬೇಡ" ಅಂದೆ. ಅವನು ಏನೋ ಹೇಳಲು ಹೊರಟ. ನಾಲಿಗೆ ಹೊರಳಲಿಲ್ಲ. ಕೊಳವೆ ಹೋಯಿತು, ವೆಂಟಿಲೇಟರ್ ಶುರುವಾಯಿತು.

ಪ್ರತಿವಿಷ ಪೂರ್ತಿ ಹೋಯಿತು, ಇನ್ನೊಂದು ಸುತ್ತೂ ಹೋಯಿತು. ನರಗಳನ್ನು ಎಚ್ಚರಿಸುವ ಇಂಜೆಕ್ಷನ್ ಕೊಟ್ಟು ರೆಪ್ಪೆಯನ್ನೇ ನೋಡುತ್ತ ಕೂತೆ. ಒಂದು ಎಳೆಯಷ್ಟೂ ಏಳಲಿಲ್ಲ. ಅದರಲ್ಲಿ ಆಶ್ಚರ್ಯವಿಲ್ಲ, ಈ ವಿಷ ನರದ ತುದಿಯನ್ನೇ ಸುಟ್ಟಿರುತ್ತದೆ, ಹೊಸ ತುದಿ ಚಿಗುರುವವರೆಗೆ ಔಷಧಿಯಿಂದ ಏನೂ ಆಗುವುದಿಲ್ಲ. ಅಲ್ಲಿಯ ತನಕ ಉಸಿರು ಕೊಡುತ್ತ ಕಾಯಬೇಕು, ಅಷ್ಟೆ. ದೊಡ್ಡ ಆಸ್ಪತ್ರೆಗಳಿಗೆ ಫೋನು ಮಾಡಿದೆವು. ಡೆಂಗಿಯ ಕಾಲ, ವೆಂಟಿಲೇಟರ್ ಇರುವ ಮಂಚ ಎಲ್ಲೂ ಇರಲಿಲ್ಲ.

ಮರುದಿನಕ್ಕೆ ಅವನಲ್ಲಿ ಅಲುಗುವಂಥದ್ದು ಏನೂ ಉಳಿದಿರಲಿಲ್ಲ. ಮೆದುಳಿನ ಪರೀಕ್ಷೆಗೆ ಅಡ್ಡಿಯಾಗದಿರಲೆಂದು ಮಂಪರಿನ ಔಷಧಿಯನ್ನು ನಾನೇ ನಿಲ್ಲಿಸಿದೆ. ಅದರ ಮರುದಿನ ಪಾಪೆಗಳು ಅಗಲವಾಗಿ ತೆರೆದುಕೊಂಡವು, ಟಾರ್ಚು ಬಿಟ್ಟರೂ ಕುಗ್ಗಲಿಲ್ಲ. ಹತ್ತಿ ತಾಗಿಸಿದರೆ ಕಣ್ಣು ಮಿಟುಕಲಿಲ್ಲ, ಗಂಟಲು ಕೆರಳಿಸಿದರೆ ಕೆಮ್ಮಿಲ್ಲ. ಪುಸ್ತಕದಲ್ಲಿ ಮೆದುಳು ಸತ್ತವರ ಲಕ್ಷಣ ಅಂತ ಬರೆದದ್ದೆಲ್ಲ ಆ ಮಂಚದ ಮೇಲೆ ಇತ್ತು. ಕಟ್ಟುಹಾವಿನ ವಿಷದಲ್ಲಿ ಬದುಕಿರುವವರೂ ಹೀಗೇ ಕಾಣಬಹುದು ಎಂದು ಅದೇ ಪುಸ್ತಕದ ಇನ್ನೊಂದು ಕಡೆ ಇದೆ. ಓದಿದ್ದೆ. ಓದುವುದು ಬೇರೆ, ಅಂಥ ಕಣ್ಣಿನೊಳಗೆ ಟಾರ್ಚು ಹಾಕಿ ನೋಡುವುದು ಬೇರೆ.

ನರ್ಸಿಂಗ್ ಹೋಮಿನ ಹಿರಿಯ ಡಾಕ್ಟರು ಕೆಟ್ಟವರಲ್ಲ. ಕಂಡದ್ದನ್ನು ಹೇಳುವವರು. ರೌಂಡ್ಸಿನಲ್ಲಿ ಮಂಚದ ಕಾಲಬಳಿ ನಿಂತು ಹೇಳಿದರು: "ಪ್ಯೂಪಿಲ್ಸ್ ಫಿಕ್ಸ್ ಆಗಿದೆ, ರಿಫ್ಲೆಕ್ಸ್ ಒಂದೂ ಇಲ್ಲ. ಬರೋದು ತಡ ಆಯ್ತು, ಆಕ್ಸಿಜನ್ ಇಲ್ದೆ ಮೆದುಳು ಹೋಗಿದೆ ಮೇಡಂ. ಇನ್ನೇನಿದೆ ಇಲ್ಲಿ?"

"ವಿಷವೇ ಹೀಗ್ ಮಾಡತ್ತೆ ಸಾರ್. ಸ್ವಲ್ಪ ದಿನ ಕಾಯೋಣ."

"ಎಷ್ಟು ದಿನ?"

ನಾನು ಮತ್ತೆ ಟಾರ್ಚು ತೆಗೆದುಕೊಂಡು ಅವನ ರೆಪ್ಪೆ ಎತ್ತಿದೆ.

ಅಷ್ಟರಲ್ಲಿ ಊರಿನಿಂದ ಅವನ ಅಣ್ಣ ಬಂದ. ದೊಡ್ಡ ಮೈಕಟ್ಟಿನ, ಮೆತ್ತನೆಯ ಮಾತಿನ ಮನುಷ್ಯ. ತಮ್ಮನ ಹಣೆ ಮುಟ್ಟಿ ನೋಡಿದ, ಪಾದ ಮುಟ್ಟಿ ನೋಡಿದ, ಆಮೇಲೆ ಮಂಚದ ಪಕ್ಕದಲ್ಲೇ ನಿಂತು ಫೋನಿನಲ್ಲಿ ಊರಿನ ಹಿರಿಯರ ಜೊತೆ ಎಲ್ಲವನ್ನೂ ತೀರ್ಮಾನ ಮಾಡಿದ. "ಹೌದ್ರಿ, ಹೋದಂಗೇ ಅದ. ಮಷೀನ್ ಮ್ಯಾಲ ಉಸುರು. ಉಸುರಿದ್ದಾಗೇ ತರ್ತೀವಿ. ನಳಿಗಿ ಅಲ್ಲೇ ಅವ್ವನ ಮುಂದ ತೆಗಸೋಣು. ಗಾಡಿ ಹೇಳೀನಿ, ನಾಳಿ ಮಧ್ಯಾಹ್ನ ಬರ್ತದ. ತಗ್ಗು ತೋಡ್ಲಾಕ ಈಗೇ ಹೇಳ್ಬ್ಯಾಡ್ರಿ, ಬಂದ್ ಮ್ಯಾಲ ನೋಡೋಣು."

ನಳಿಗಿ ಅಂದರೆ ಕೊಳವೆ, ತಗ್ಗು ಅಂದರೆ ಗುಂಡಿ. ಅವರಲ್ಲಿ ಹೂಳುತ್ತಾರೆ. ಅವನು ಕ್ರೂರಿಯಾಗಿರಲಿಲ್ಲ. ಪರದೇಶಿಯ ಹಾಗೆ ಇಲ್ಲಿ ಸಾಯುವುದಕ್ಕಿಂತ ಸ್ವಂತ ಮನೆಯ ಅಂಗಳದಲ್ಲಿ ಹೋಗಲಿ ಎಂದು ಬಯಸಿದ್ದ. ಎಷ್ಟೋ ಸಲ ನಾನೇ ಅಂಥ ತೀರ್ಮಾನಕ್ಕೆ ತಲೆದೂಗಿದ್ದೇನೆ. ಈ ಸಲ ಮಾತ್ರ ತಲೆ ತೂಗಲಿಲ್ಲ. ಒಳಗೆ ಎಲ್ಲೋ ಒಂದು ಕಡೆ ಅವನು ಇದ್ದರೆ? ಊರಿನ ಅಂಗಳದಲ್ಲಿ, ತಾಯಿಯ ಮುಂದೆ, ಕೊಳವೆ ಎಳೆಯುವಾಗ ಅವನಿಗೆ ಅದು ಗೊತ್ತಾಗುತ್ತಿದ್ದರೆ?

ಮರುದಿನ ಬೆಳಿಗ್ಗೆ ಸಿಸ್ಟರ್ ಕೊಳವೆಯ ಕಫ ಎಳೆಯುತ್ತಿದ್ದರು. ಹಲಸೂರಿನವರು, ಕನ್ನಡದ ನಡುವೆ ತಮಿಳು ಬೆರೆಸುವ ಗಟ್ಟಿಗಿತ್ತಿ. ನಾನು ಮಾನಿಟರಿನ ಕಡೆ ಸುಮ್ಮನೆ ನೋಡುತ್ತಿದ್ದೆ. ಎಪ್ಪತ್ತರ ಮೇಲಿದ್ದ ನಾಡಿ ನೂರಿಪ್ಪತ್ತಕ್ಕೆ ಹಾರಿತು. ಕೆಮ್ಮು ಇಲ್ಲ, ಅಲುಗಾಟ ಇಲ್ಲ, ಆದರೆ ನಾಡಿ ಓಡಿತು. ಮುಚ್ಚಿದ ರೆಪ್ಪೆಯ ಮೂಲೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ಇನ್ನೊಂದ್ ಸಲ ಮಾಡಿ," ಅಂದೆ.

ಮತ್ತೆ ಹಾಗೇ ಆಯಿತು.

"ಅಯ್ಯೋ ಕಡವುಳೆ," ಎಂದು ಸಿಸ್ಟರ್ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. "ಮೇಡಂ, ಇವ್ರಿಗೆ ನೋವಾಗ್ತಿದೆ."

ಸತ್ತ ಮೆದುಳು ಹೃದಯವನ್ನು ಹಾಗೆ ಓಡಿಸುವುದಿಲ್ಲ. ನಾನು ಹಿರಿಯ ಡಾಕ್ಟರಲ್ಲಿಗೆ ಹೋಗಿ, ಬಿಡುಗಡೆಯ ಕಾಗದಕ್ಕೆ ಸಹಿ ಹಾಕುವುದಿಲ್ಲ, ಮೊದಲು ಮೆದುಳಿನ ಅಲೆ ನೋಡೋಣ ಅಂದೆ. ಅವರು ಕಾಗದವನ್ನು ಪಕ್ಕಕ್ಕೆ ಸರಿಸಿದರು. "ನೋಡಿ. ಗೆರೆ ಫ್ಲ್ಯಾಟ್ ಬಂದ್ರೆ ಆಮೇಲೆ ನನ್ ಜೊತೆ ವಾದ ಮಾಡ್ಬೇಡಿ." ಇಂದಿರಾನಗರದಲ್ಲಿ ಆ ಅಲೆ ಬರೆಯುವ ಇಇಜಿ ಮಷೀನನ್ನು ಎಲ್ಲಿಗೆ ಬೇಕಾದರೂ ಹೊತ್ತು ತರುವ ಟೆಕ್ನಿಷಿಯನ್ ಒಬ್ಬರಿದ್ದರು. ಫೋನು ಮಾಡಿದೆ.

ಟೆಕ್ನಿಷಿಯನ್‌ಗಿಂತ ಮೊದಲು ಗಾಡಿಯೇ ಬಂತು. ಹಿಮ್ಮುಖವಾಗಿ ಗೇಟಿನೊಳಗೆ ಬರುವಾಗ ಅದು ಕೂಗಿಕೊಳ್ಳುವ ಪೀಂ ಪೀಂ ಸದ್ದು ಐಸಿಯುಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮಾನಿಟರಿನಲ್ಲಿ ನಾಡಿ ಏರುತ್ತಿತ್ತು. ಅಣ್ಣ ಬಾಗಿಲಲ್ಲಿ ಬಂದು ನಿಂತ.

"ಅಕ್ಕಾರ, ಬಿಡ್ರಿ ನಮಗ. ದೂರದ ದಾರಿ ಅದ."

"ಒಂದ್ ಪರೀಕ್ಷೆ ಬಾಕಿ ಇದೆ. ಅದ್ ಮುಗಿಯೋ ತನಕ ಬಿಡಲ್ಲ. ಬೈಕೊಳ್ಳಿ ಬೇಕಾದ್ರೆ."

ಅವನು ಬೈಯಲಿಲ್ಲ. ಬಾಗಿಲಲ್ಲೇ ನಿಂತ.

ಟೆಕ್ನಿಷಿಯನ್ ಕೊನೆಗೂ ನೆನೆದುಕೊಂಡು ಬಂದರು. ನೆತ್ತಿಯ ಮೇಲೆ ಅಂಟು ಹಚ್ಚಿ ತಂತಿಗಳನ್ನು ಕೂರಿಸಿದರು. ಪರದೆಯ ಮೇಲೆ ಗೆರೆಗಳು ಮೂಡಿದವು. ಮಟ್ಟಸವಾದ ಗೆರೆಗಳಲ್ಲ. ತಲೆಯ ಹಿಂಭಾಗದ ಗೆರೆಯಲ್ಲಿ ಒಂದೇ ಹದದ ಸಣ್ಣ ಅಲೆಗಳು ಸಾಲಾಗಿ ಹೋಗುತ್ತಿದ್ದವು. ಎಚ್ಚರವಾಗಿರುವ ಮನುಷ್ಯ ಕಣ್ಣು ಮುಚ್ಚಿ ಸುಮ್ಮನಿದ್ದಾಗ ಏಳುವ ಅಲೆ ಅದು. ಕಣ್ಣು ತೆರೆದರೆ ಅಳಿಸಿಹೋಗಬೇಕು.

"ಮೇಡಂ, ರೆಪ್ಪೆ ಎತ್ತಿ ನೋಡಿ," ಅಂದರು ಟೆಕ್ನಿಷಿಯನ್.

ನಾನು ಎರಡೂ ಹೆಬ್ಬೆರಳಿನಿಂದ ರೆಪ್ಪೆ ಎತ್ತಿದೆ. ಅಲೆ ಅಳಿಸಿಹೋಯಿತು. ಬಿಟ್ಟೆ, ಅಲೆ ಬಂತು. ಮತ್ತೆ ಎತ್ತಿದೆ, ಮತ್ತೆ ಅಳಿಯಿತು. ಹಿರಿಯ ಡಾಕ್ಟರು ನನ್ನ ಹಿಂದೆ ಯಾವಾಗ ಬಂದು ನಿಂತಿದ್ದರೋ, "ನೋಡ್ತಿದಾನೆ," ಅಂದರು, ತಮಗೆ ತಾವೇ. ನನಗೆ ಖುಷಿಯಾಗಬೇಕಿತ್ತು. ಆದದ್ದು ಹೆದರಿಕೆ. ಆ ಅಗಲವಾದ, ಅಲುಗದ ಪಾಪೆಯ ಹಿಂದಿನಿಂದ ಒಬ್ಬ ಮನುಷ್ಯ ನನ್ನನ್ನು ಇಷ್ಟು ದಿನವೂ ನೋಡುತ್ತಿದ್ದ.

ಹೆಂಡತಿಯನ್ನು ಕರೆಸಿದೆ. "ಕೇಳಿಸತ್ತಮ್ಮ ಇವ್ರಿಗೆ. ಹೆಸರು ಹಿಡಿದು ಕೂಗು, ನಿನ್ ದನಿ ಕೇಳ್ಲಿ."

ಅವಳು ನನ್ನ ಮುಖ ನೋಡಿದಳು, ಭಾವನ ಮುಖ ನೋಡಿದಳು. ಅವಳು ಗಂಡನ ಹೆಸರನ್ನು ಎಂದೂ ಬಾಯಲ್ಲಿ ತಂದವಳಲ್ಲ; ಹೇಳಿದರೆ ಆಯುಷ್ಯ ಕಮ್ಮಿಯಂತೆ. ಹುಳದ ಹೆಸರು ಎತ್ತಬಾರದು, ಗಂಡನ ಹೆಸರು ಎತ್ತಬಾರದು, ಪಾಪ, ಈ ಹೆಂಗಸು ಬಾಯಿ ಬಿಡುವುದಾದರೂ ಯಾವಾಗ ಅನ್ನಿಸಿತು ನನಗೆ. ಕೊನೆಗೆ ದಾರಿಯೊಂದನ್ನು ತಾನೇ ಕಂಡುಕೊಂಡಳು. ಮದುವೆಯಲ್ಲಿ ಗಂಡನ ಹೆಸರು ಹೇಳಿಸಲು ಅವರ ಕಡೆ ಒಡಪು ಹಾಕಿಸುತ್ತಾರಲ್ಲ, ಹಾಡಿನಂಥ ಎರಡು ಸಾಲಿನೊಳಗೆ ಹೆಸರನ್ನು ಸೇರಿಸಿ, ಅದಕ್ಕೆ ದೋಷವಿಲ್ಲ. ಕಿವಿಯ ಹತ್ತಿರ ಬಗ್ಗಿ, ತನ್ನ ಮದುವೆಯ ಒಡಪು ಹೇಳಿದಳು: "ಬಿಳಿಜ್ವಾಳದ ರೊಟ್ಟಿ, ಬೆಣ್ಣಿ ಇಟ್ಟೀನಿ ಗಟ್ಟಿ, ಬಾಗಲಾಗ ನಿಂತಾರ ಬಾಸಿಂಗ ಕಟ್ಟಿ..." ಕೊನೆಯಲ್ಲಿ ಹೆಸರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಾಡಿ ಏರಿತು, ಆಮೇಲೆ ನಿಧಾನವಾಗಿ, ಗಾಡಿ ಬಂದಾಗಿನಿಂದ ಮೊದಲ ಸಲ, ಇಳಿಯಿತು.

ಅಣ್ಣ ಹೊರಗೆ ಹೋಗಿ ಗಾಡಿಯನ್ನು ವಾಪಸು ಕಳಿಸಿದ. ಬಂದು ಕಾರಿಡಾರಿನ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕೂತ.

ಆ ಸಂಜೆಯೇ ನಾನು ಐಸಿಯುಗೆ ಒಂದು ಕಟ್ಟಳೆ ಮಾಡಿದೆ. ಇವನ ಮಂಚದ ಹತ್ತಿರ ಯಾರೂ ಕೆಟ್ಟ ಮಾತಾಡಬಾರದು. ರಿಪೋರ್ಟಿನ ವಿಷಯ, ಊರಿನ ವಿಷಯ, ಬದುಕುತ್ತಾನೋ ಇಲ್ಲವೋ ಎಂಬ ಮಾತು, ಏನಿದ್ದರೂ ಬಾಗಿಲಿನಾಚೆ. ಹಿರಿಯ ಡಾಕ್ಟರನ್ನೂ ಬಿಡಲಿಲ್ಲ. ಅವರು ಬಾಯಿ ತೆರೆದರೆ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಿದ್ದೆ. ರಾತ್ರಿ ನಿದ್ದೆಗೆಂದು ಸ್ವಲ್ಪ ಮಂಪರಿನ ಔಷಧಿ. ಅವನ ಮುಂದೆ ಹವಾಮಾನದ ಮಾತು, ರೊಟ್ಟಿಯ ಮಾತು ಮಾತ್ರ. ನನ್ನ ಕಟ್ಟಳೆಯ ಬಗ್ಗೆ ನನಗೆ ಹೆಮ್ಮೆಯಿತ್ತು, ಸುಳ್ಳೇಕೆ.

ಹೊರಗೆ ಮಾತಾಡಲು ವಿಷಯಕ್ಕೇನೂ ಬರವಿರಲಿಲ್ಲ. ಎರಡೇ ದಿನಕ್ಕೆ ಜ್ವರ ಬಂತು, ಎಡ ಶ್ವಾಸಕೋಶದಲ್ಲಿ ಕಫ ಕಟ್ಟಿತು. ಒಂದು ಮಧ್ಯಾಹ್ನ ಕೊಳವೆಯೇ ಕಟ್ಟಿಕೊಂಡು, ಆಕ್ಸಿಜನ್ ಅಂಕಿ ಕಣ್ಣೆದುರೇ ಜಾರುತ್ತಿದ್ದಾಗ ಹಳೆಯದನ್ನು ಎಳೆದು ಹೊಸದನ್ನು ಹಾಕಿದೆ. ಅವನು ಎಚ್ಚರವಿದ್ದಾನೆಂದು ಗೊತ್ತಿದ್ದೂ ಹಾಗೆ ಮಾಡಬೇಕಾಯಿತು. ಬಾಗಿಲಿನಾಚೆ ಹೋಗಿ ಪಿಸುಗುಟ್ಟುವುದು ಜಾಸ್ತಿಯಾಯಿತು. ಹೊಸ ಔಷಧಿಗೆ ಜ್ವರ ಬಗ್ಗಲು ತಡವಾಯಿತು. ಅಣ್ಣ ಮತ್ತೆ ಊರಿಗೆ ಫೋನು ಮಾಡತೊಡಗಿದ, ಈ ಸಲ ಮೆಟ್ಟಿಲ ಹತ್ತಿರ, ದನಿ ತಗ್ಗಿಸಿ.

ಆಮೇಲೆ ಒಂದು ದಿನ ಸಿಸ್ಟರ್ ಕೂಗಿದರು. ಹುಬ್ಬು ಸರಿದಿತ್ತು. ಒಂದು ಇರುವೆ ನಡೆದಷ್ಟು. "ಮೇಲೆತ್ತಪ್ಪ" ಅಂದೆ, ಎತ್ತಿದ. ಹುಬ್ಬಿನ ಹಿಂದೆ ರೆಪ್ಪೆ, ರೆಪ್ಪೆಯ ಹಿಂದೆ ಕಾಲಿನ ಹೆಬ್ಬೆರಳು, ಬೆರಳಿನ ಹಿಂದೆ ಉಸಿರು. ವೆಂಟಿಲೇಟರನ್ನು ಇಷ್ಟಿಷ್ಟೇ ಕಮ್ಮಿ ಮಾಡುತ್ತ ಬಂದೆವು. ದಿಂಬಿನಿಂದ ತಲೆ ಎತ್ತಿ ಹಿಡಿದುಕೊಂಡ ದಿನ ಕೊಳವೆ ತೆಗೆದೆ.

ಆ ದಿನ ಅವನು ನೀರು ಕೇಳಿದ, ಅಷ್ಟೆ. ಮರುದಿನ ದನಿ ಸ್ವಲ್ಪ ತೆರೆದಿತ್ತು. ಹೆಂಡತಿ ಚಮಚದಲ್ಲಿ ಗಂಜಿ ತಿನ್ನಿಸುತ್ತಿದ್ದಳು. ಅಣ್ಣ ಮಂಚದ ಹತ್ತಿರ ಬರಲು ಧೈರ್ಯವಿಲ್ಲದೆ ಕಿಟಕಿಯ ಬಳಿ ನಿಂತಿದ್ದ. ನನಗೆ ಕೇಳದೆ ಇರಲಾಗಲಿಲ್ಲ.

"ಎಲ್ಲಾ ಕೇಳಿಸ್ತಿತ್ತೇನಪ್ಪ?"

"ಎಲ್ಲಾ ಕೇಳ್ತಿತ್ರಿ ಅಕ್ಕಾರ."

"ಅಣ್ಣ ಮಾತಾಡಿದ್ದೂ?"

ಅವನು ಕಿಟಕಿಯ ಕಡೆ ನೋಡಿದ. "ಕೇಳಿತ್ತು. ಅದೇನ್ ಬಿಡ್ರಿ. ಅಣ್ಣ ಅಲ್ಲೇನ್ರಿ, ಅವ್ವನ ಹತ್ರ ಒಯ್ತಿದ್ದ." ಅಣ್ಣ ಗೋಡೆಯ ಕಡೆ ತಿರುಗಿಕೊಂಡ.

"ಆ ಗಾಡಿ ವಾಪಸ್ ಹೋದ್ಮೇಲೆ ನಾನು ಯಾರಿಗೂ ನಿನ್ ಮುಂದೆ ಕೆಟ್ ಮಾತಾಡೋಕ್ ಬಿಡ್ಲಿಲ್ಲ ಕಣಪ್ಪ," ಅಂದೆ. ಸಮಾಧಾನ ಹೇಳಲೆಂದೇ ಅಂದೆ, ಒಂದಿಷ್ಟು ಶಹಬ್ಬಾಸ್‌ಗಿರಿಯ ಆಸೆಯೂ ಇತ್ತು. "ಏನಿದ್ರೂ ಹೊರಗಡೆ ಹೋಗಿ ಮಾತಾಡಿ ಅಂತ ಎಲ್ಲಾರ್ಗೂ ಹೇಳಿದ್ದೆ."

ಅವನು ಗಂಜಿಯ ಚಮಚವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ನನ್ನ ಮೇಲೆ ಸಿಟ್ಟಿರಲಿಲ್ಲ ಅವನಿಗೆ. ಹೇಳಲೋ ಬೇಡವೋ ಎಂದು ತುಸು ನಾಚಿಕೊಂಡೇ ಹೇಳಿದ.

"ಅದೇ ಭಾಳ ಅಂಜಿಕಿ ಆತ್ರಿ ಅಕ್ಕಾರ. ಇಲ್ಲೇ ಮಾತಾಡುವಾಗ ಏನ್ ಮಾಡ್ತಾರ, ಯಾವಾಗ ಮಾಡ್ತಾರ ಅಂತ ತಿಳೀತಿತ್ತು. ನೀವು ಎಲ್ಲಾರ್ನೂ ಹೊರಗ ಕರ್ಕೊಂಡ್ ಹೋದ್ರಿ. ಆಮ್ಯಾಲಿಂದ ಬಾಗಲ ತೆಗೆದಾಗೆಲ್ಲಾ, ನಳಿಗಿ ಕೀಳ್ಲಾಕ ಬಂದ್ರು ಅನ್ಕೋತಿದ್ದೆ."